ಗೆರೆಯಿಲ್ಲದ ಹೆಬ್ಬೆರಳು

ರೇಷನ್ ಅಂಗಡಿಯ ಯಂತ್ರ
ಈ ಸಲವೂ ನನ್ನನ್ನು ಒಪ್ಪಲಿಲ್ಲ.
ಒರಸಿ ಇಡಿ, ಒತ್ತಿ ಇಡಿ, ಬೇರೆ ಬೆರಳು ಇಡಿ
ಎನ್ನುತ್ತಲೇ ಇದ್ದ ಸುಕುಮಾರ.
ಹಿಂದೆ ಸಾಲು ಬೆಳೆಯಿತು.
ಇಪ್ಪತ್ತಾರು ವರ್ಷ ಬೀಡಿ ಸುತ್ತಿದ ಹೆಬ್ಬೆರಳು;
ಅದರ ಗೆರೆಗಳನ್ನೆಲ್ಲ ಎಲೆ ತಿಂದು ಮುಗಿಸಿದೆ.
ನಾನು ವಾರಿಜ ಅಂತ ನನಗೆ ಗೊತ್ತು,
ಸುಕುಮಾರನಿಗೆ ಗೊತ್ತು,
ಬಾಯಾರಿನ ಅರ್ಧ ಊರಿಗೆ ಗೊತ್ತು.
ಯಂತ್ರಕ್ಕೆ ಸಾಕ್ಷಿ ಬೇಕು.

ಮೊಬೈಲಿಗೆ ಬೇಡ.
ಜಾರಿಸುವುದಕ್ಕೆ ಗೆರೆ ಬೇಡ,
ಹೆಸರು ಬೇಡ,
ಬೆರಳು ನುಣ್ಣಗಿದ್ದಷ್ಟೂ ಒಳ್ಳೆಯದು.

ಮೊದಮೊದಲು ಗೆರಸೆಯ ಅಂಚಿಗೆ ಒರಗಿಸಿ ಇಡುತ್ತಿದ್ದೆ
ಹಿಂದೆ ರೇಡಿಯೋ ಇದ್ದ ಜಾಗದಲ್ಲಿ.
ಕೇಳುತ್ತ ಸುತ್ತಬಹುದು,
ನೋಡುತ್ತ ಸುತ್ತಲಿಕ್ಕಾಗುವುದಿಲ್ಲ
ಎಂದು ತಿಳಿಯುವಾಗ
ಸಾವಿರವಿದ್ದದ್ದು ಏಳುನೂರಕ್ಕೆ ಇಳಿದಿತ್ತು.
ಬ್ರಾಂಚಿನ ಅಂದುಂಞಿ ಕಟ್ಟು ಬಿಚ್ಚಿ
ಒಂದನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು:
'ಇದರ ಬಾಯಿ ಮಡಚಿದ್ದು ನೀವೇ ಹೌದಾ?'
ಆ ದಿನ ಅವರಿಗೂ ಸಾಕ್ಷಿ ಬೇಕಿತ್ತು.

ತಲಪಾಡಿ ಗೇಟಿನ ಈಚೆಯದ್ದು ಮಲಯಾಳ,
ಆಚೆಯದ್ದು ಕನ್ನಡ, ನಡುವೆ ತುಳು,
ಯಾರದೋ ಮದುವೆ, ಯಾರದೋ ಬಂಗುಡೆ ಗಸಿ,
ಯಾರದೋ ಮಗು ಜಾರಿ ಬಿದ್ದದ್ದು. ನಕ್ಕೆ.
ಆಮೇಲೆ ಭಾಷೆಯೇ ಇಲ್ಲದ್ದೊಂದು ಬಂತು:
ಒಂದು ಕೈ, ಒಂದು ಚೂರಿ,
ಸಾಬೂನನ್ನು ತೆಳ್ಳಗೆ ತೆಳ್ಳಗೆ ಕೊಯ್ಯುವುದು.
ಅರ್ಧ ಗಂಟೆ ಕೂತು ನೋಡಿದ್ದೇನೆ ನಾನು,
ಸಾಬೂನು ಕೊಯ್ಯುವುದನ್ನು.
ಆ ರಾತ್ರಿ ಎಲೆ ನೆನೆಸಲು ಮರೆತೆ.
ಬೆಳಿಗ್ಗೆ ಕತ್ತರಿ ಇಟ್ಟಲ್ಲೆಲ್ಲ
ಪಟ್ ಪಟ್ ಒಡೆಯಿತು.

ಕುತ್ತಿಗೆ ನೋವು ಹೊಸದಲ್ಲ.
ಆದರೆ ಬೀಡಿಯ ನೋವು ಸಂಜೆಗೆ ಇಳಿಯುತ್ತಿತ್ತು,
ಇದು ಸಂಜೆಗೆ ಹತ್ತುತ್ತದೆ.
ಉಪ್ಪಳದ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ
ಮಲಯಾಳದಲ್ಲಿ ಹೇಳಿದರು,
ನೀವು ಕಣ್ಣು ಮಿಟುಕಿಸುವುದನ್ನು ಮರೆತಿದ್ದೀರಿ.
ಮರೆಯುವಂಥದ್ದಾ ಅದು?

ಮತ್ತೆ ಈ ತೊಡೆ.
ಗುರ್ರ್ ಎನ್ನುತ್ತದೆ, ಕೈ ಹಾಕಿದರೆ ಬರೀ ಗೆರಸೆ.
ಮೊಬೈಲು ಒಳಗೆ, ಅಕ್ಕಿ ಡಬ್ಬದ ಮೇಲೆ, ಚಾರ್ಜಿನಲ್ಲಿ.
ನನ್ನ ತೊಡೆಯೇ ನನಗೆ ಸುಳ್ಳು ಹೇಳಲು ಕಲಿತಿದೆ.
'ಅಮ್ಮಾ, ಇದು ಮೂರನೇ ಸಲ ಕೇಳುವುದು'
ಎಂದಳು ಧನ್ಯಶ್ರೀ ಬಾಗಿಲಲ್ಲಿ ನಿಂತು.
ಹೂಂ ಎಂದೆ.
ಏನು ಕೇಳಿದ್ದಳೋ, ಈಗಲೂ ಗೊತ್ತಿಲ್ಲ.
ಮತ್ತೆ ಅವಳು ಕೇಳಿಲ್ಲ.

ಆಚೆಮನೆ ಐಸಮ್ಮ ನೂಲು ಕಡಿಯುತ್ತ ಒಮ್ಮೆ ಅಂದಳು:
ಇಷ್ಟು ಸುತ್ತಿದ್ದೀಯಲ್ಲ, ಒಂದಾದರೂ ಸೇದಿದ್ದೀಯಾ?
ಇಲ್ಲ.
ಹೊಗೆ ಕಂಡರೆ ನನಗಾಗುವುದಿಲ್ಲ.
ದಿನಕ್ಕೆ ಸಾವಿರ ಚಟ ಸುತ್ತಿ,
ನೂಲು ಬಿಗಿದು, ಎಣಿಸಿ ಕಳಿಸಿದವಳು ನಾನು,
ಯಾವ ಊರಲ್ಲಿ ಯಾರು ಕೆಮ್ಮಿದರೋ
ನನಗೆ ಕೇಳಿಸಿಲ್ಲ.

ಹಾಗೆಯೇ ಎಲ್ಲೋ ಒಬ್ಬ
ಕುತ್ತಿಗೆ ಬಗ್ಗಿಸಿ ಕೂತಿದ್ದಾನು,
ನನಗೆಂದೇ ಸುತ್ತುತ್ತ,
ಹದಿನೈದು ಸೆಕೆಂಡಿನದ್ದು ಒಂದೊಂದು,
ಬಿಚ್ಚಿಹೋಗದ ಹಾಗೆ ಬಾಯಿ ಮಡಚಿ.
ಅವನಿಗೂ ಲೆಕ್ಕದ ಪುಸ್ತಕ ಇದ್ದೀತು,
ಕಟ್ಟು ಬಿಚ್ಚಿ ಬೈಯುವವರೂ ಇದ್ದಾರು.
ಸಿಕ್ಕಿದರೆ ಒಂದೇ ಮಾತು ಕೇಳುತ್ತಿದ್ದೆ:
ಮನೆಯಲ್ಲಿ ನಿನ್ನ ಮಕ್ಕಳಿಗೆ ಕೊಡುತ್ತೀಯಾ ಇದನ್ನು?

ನಿನ್ನೆ ರಾತ್ರಿ ಎಲೆ ನೆನೆಸಿದೆ,
ಗೋಣಿಯಲ್ಲಿ ಸುತ್ತಿಟ್ಟೆ.
ಮೊಬೈಲನ್ನು ಹೊಗೆಸೊಪ್ಪಿನ ಡಬ್ಬದಲ್ಲಿಟ್ಟು
ಮುಚ್ಚಳ ಒತ್ತಿದೆ.
ಕತ್ತಲಲ್ಲಿ ಹೆಬ್ಬೆರಳು ಚಾದರದ ಮೇಲೆ
ತನ್ನಷ್ಟಕ್ಕೆ ಸರಿಯುತ್ತಿತ್ತು,
ಮೇಲಕ್ಕೆ, ಮೇಲಕ್ಕೆ, ಮೇಲಕ್ಕೆ.

ಒಂದೂವರೆಗೆ ಎದ್ದೆ.
ಮುಚ್ಚಳ ತೆಗೆದದ್ದೇ
ಘಾಟು ಮೂಗಿಗೆ ಹೊಡೆದು ಸೀನು,
ಸೀನಿನ ಹಿಂದೆಯೇ ಕಣ್ಣಲ್ಲಿ ನೀರು.
ಎಷ್ಟು ದಿನವಾಗಿತ್ತೋ ಅದು ಒದ್ದೆಯಾಗಿ!
ಮಿಟುಕಿಸಿದೆ. ಮತ್ತೊಮ್ಮೆ. ಮತ್ತೂ ಒಮ್ಮೆ.
ಡಬ್ಬದ ತಳದಲ್ಲಿ,
ಯಾರೂ ಮುಟ್ಟದೆ,
ಅದು ಹೊತ್ತಿಕೊಂಡಿತು.